ಜೀವ ತೆಗೆದ ಮಂಟಪ

ಮೇಜಿ ಆಳ್ವಿಕೆಯ ೯ನೇ ವರ್ಷ, ನವೆಂಬರ್ ೧೪. ಹಿಕೋನೆ.

ಕೋಪ ಇನ್ನೂ ಇಳಿದಿಲ್ಲ. ತಾತ ಕರಿ ಮೆರುಗೆಣ್ಣೆ ಹಚ್ಚಿ, ಚಿನ್ನದ ಪುಡಿಯಲ್ಲಿ ತಾವರೆ ಬಿಡಿಸಿದ ನಮ್ಮ ಮನೆಯ ಬುದ್ಧನ ಮಂಟಪವನ್ನು, ಬೀರುವಿನಂಥ ಆ ದೇವರ ಗೂಡನ್ನು, ಚಿಕ್ಕಪ್ಪ ಯೊಕೊಹಾಮಾದ ವ್ಯಾಪಾರಿಗೆ ಮಾರಿದ್ದಾನೆ. ಅವನಿಂದ ಅದನ್ನು ಕೊಳ್ಳುವ ಪರದೇಶದವನು ಒಳಗೆ ಮದ್ಯದ ಸೀಸೆ ಇಡುತ್ತಾನಂತೆ.

ಬೆಳಿಗ್ಗೆ ಗುಡಿಯ ಗುರುಗಳು ಬಂದರು. ಮಂತ್ರ ಹೇಳಿ, ಗಂಟೆ ಬಾರಿಸಿ, ಒಳಗಿನ ದೇವರನ್ನು ಬೀಳ್ಕೊಟ್ಟು ಮಂಟಪದ ಜೀವ ತೆಗೆದರು.

"ಇನ್ನು ಇದು ಬರೀ ಮರ ಕಣಪ್ಪ, ಮಾರಿದ್ರೆ ದೋಷ ಇಲ್ಲ," ಎಂದರು ಚಿಕ್ಕಪ್ಪನಿಗೆ.

"ನೀನೂ ಅದನ್ನೇ ತಾನೆ ಬಡ್ಕೊತಿದ್ದಿದ್ದು, ಕರಪತ್ರದ ಪಂಡಿತ?" ಎಂದು ಚಿಕ್ಕಪ್ಪ ನನ್ನತ್ತ ನೋಡಿ ನಕ್ಕ.

ಹೌದು, ದೇವರೆಂಬುದು ಬರೀ ಮರ ಎಂದು ಕರಪತ್ರ ಬರೆದು ಹಂಚಿ ಹೇಳುತ್ತಿದ್ದೆ. ಆದರೆ ನಾನು ಹೇಳಿದ್ದು ಜನ ಹೆದರಬಾರದೆಂದು. ಇವರು ಹೇಳುವುದು ಮಾರಲಿಕ್ಕೆ. ಗಿರಾಕಿ ಬಂದೊಡನೆ ದೇವರನ್ನು ಎಬ್ಬಿಸಿ ಕಳಿಸುವ ಇವರಿಗಿಂತ ಏನನ್ನೂ ನಂಬದ ನಾನೇ ವಾಸಿ.

ಸಂಜೆ ಅಜ್ಜಿ ಆ ಖಾಲಿ ಮಂಟಪದ ಮುಂದೆ ಬಿಸಿ ಅನ್ನ ಇಟ್ಟಳು.

"ಒಳಗೆ ಯಾರೂ ಇಲ್ವಂತಲ್ಲ, ಅಜ್ಜಿ."

"ಹೊರಟು ನಿಂತವರನ್ನ ಹಸಿದ ಹೊಟ್ಟೇಲಿ ಕಳಿಸ್ತಾರೇನೋ, ಕಾನ್‌ಸುಕೆ?"

ಒಳಗೆ ಯಾರೂ ಇಲ್ಲ, ಎಂದೂ ಇರಲಿಲ್ಲ ಎಂದೇ ಈಗಲೂ ನಂಬಿದ್ದೇನೆ. ಆದರೂ ನಾಳೆ ಹೊರುವ ಆಳುಗಳು ಬಂದಾಗ ಹೊಸ್ತಿಲಿಗೆ ಅಡ್ಡ ಮಲಗುತ್ತೇನೆ. ಚಿಕ್ಕಪ್ಪ ನನ್ನನ್ನು ದಾಟಿಕೊಂಡು ಹೋಗಲಿ, ನೋಡೋಣ.