ಬೆನ್ನು ಹಾಕಿ ಕುಳಿತವಳು

ಧಾರವಾಡ, ಎರಡನೇ ಶ್ರಾವಣದ ನಲವತ್ತನೇ ದಿನ, ೨೩೧೪

ಸುಮಾರು ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಚಿತ್ರಶಾಲೆಯ ಕಾವಲುಗಾರ್ತಿ ನೀಲಗಂಗಾ ಹೂಗಾರಳ ನಮಸ್ಕಾರ. ನಮ್ಮ ತಿಂಗಳು ನಿಮ್ಮದಕ್ಕಿಂತ ಉದ್ದ. ನಮ್ಮ ಮಾತು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಲದಲ್ಲೂ ಈ ಚಿತ್ರಶಾಲೆಯ ಮೆಟ್ಟಿಲ ಪಕ್ಕ ಒಂದು ತೈಲಚಿತ್ರ ತೂಗುತ್ತಿದೆ. ಹತ್ತೊಂಬತ್ತನೇ ಶತಮಾನದ್ದು, ಬರೆದವರ ಹೆಸರಿಲ್ಲ. ಕಿಟಕಿಯ ಬೆಳಕು, ಗೂಡಿನಲ್ಲಿ ಆರಿದ ದೀಪ, ನೆಲದ ಮೇಲೆ ಮೊರ ಹಿಡಿದು ಅಕ್ಕಿ ಹಸನು ಮಾಡುವ ಹೆಂಗಸು. ನಮಗೆ ಬೆನ್ನು ಹಾಕಿ ಕುಳಿತಿದ್ದಾಳೆ. ಆ ಮನೆಯಲ್ಲಿ ಯಾರೂ ಅವಳನ್ನು ಕರೆಯುತ್ತಿಲ್ಲ, ನನಗೆ ಹಿಡಿಸಿದ್ದೇ ಅದು.

ನಮ್ಮ ಜನ ಬರಿಗಣ್ಣಿನಿಂದ ಚಿತ್ರ ನೋಡುವುದಿಲ್ಲ. ಕಣ್ಣಿಗೆ ತುಂಬುಗನ್ನಡಿ ಹಾಕಿಕೊಳ್ಳುತ್ತಾರೆ. ಚಿತ್ರಕಾರ ಬರೆಯದೆ ಬಿಟ್ಟದ್ದನ್ನೆಲ್ಲ ಅದು ತಾನೇ ತುಂಬಿಕೊಡುತ್ತದೆ. ಒಬ್ಬೊಬ್ಬರೂ ಅವಳನ್ನು ತಿರುಗಿಸಿ ತಮಗೆ ಬೇಕಾದ ಮುಖ ಅಂಟಿಸುತ್ತಾರೆ, ಹಾಡಿಸುತ್ತಾರೆ, ಕುಣಿಸುತ್ತಾರೆ. ಮೊನ್ನೆ ಒಂದು ಕುಟುಂಬ ಕನ್ನಡಿ ಹಾಕಿಕೊಂಡು ಚಿತ್ರದ ಆ ಮನೆಯೊಳಗೇ ಮಗುವಿನ ನಾಮಕರಣ ಮಾಡಿತು. ಅವಳ ಕೈಯಿಂದ ಹೋಳಿಗೆ ಬಡಿಸಿಕೊಂಡು, ತುಪ್ಪ ಸಾಲದೆಂದು ಅವಳನ್ನೇ ಗದರಿದರು.

ಈಗ ಕನ್ನಡಿಯೂ ಬೇಡವಂತೆ. ಆಡಳಿತ ಸಮಿತಿ ಜನರಿಂದ ಮತ ಹಾಕಿಸಿ ಅವಳಿಗೊಂದು ಮುಖ ಆರಿಸಿದೆ. ಗೆದ್ದದ್ದು ಹಲ್ಲುಪುಡಿ ಜಾಹೀರಾತಿನ ಹುಡುಗಿಯದು. ಸೋಮವಾರ ಕಲಾವಿದನೊಬ್ಬ ಬಂದು ಆ ನಗುವನ್ನು ಅಸಲು ಚಿತ್ರದ ಮೇಲೆಯೇ, ಅವಳ ತುರುಬಿನ ಜಾಗದಲ್ಲಿ, ಬಳಿಯುತ್ತಾನೆ. ಕೂಡದು ಎಂದೆ. ಅಧ್ಯಕ್ಷ ಸೋಮಲಿಂಗಪ್ಪ ಅಡಿಕೆ ಜಗಿಯುತ್ತ, "ಬೆನ್ನು ನೋಡಾಕ ಯಾರ್ ಬರ್ತಾರ್ರೀ ಅಕ್ಕಾರ? ಮಾರಿ ಇದ್ರ ನಾಕ್ ಮಂದಿ ಬರ್ತಾರ" ಎಂದ. ಥೂ, ಇಂಥವರ ಕೈಗೆ ಸಿಕ್ಕಿದಳಲ್ಲ!

ಇದಕ್ಕೆ ಬೀಜ ಬಿತ್ತಿದವರು ನೀವೇ. ಅವಳ ಮುಖ ಹೇಗಿದ್ದೀತು ಎಂದು ಯಂತ್ರವನ್ನು ಮೊದಲು ಕೇಳಿದವರು ನಿಮ್ಮ ಕಾಲದವರು. ಅದು ಏನೋ ಒಂದು ತೋರಿಸಿತು, ನೀವು ಚಂದವಿದೆ ಎಂದಿರಿ. ಬೈಯಬೇಕೆನಿಸುತ್ತದೆ, ಹಿರಿಯರೆಂದು ನಾಲಿಗೆ ಬಿಗಿಹಿಡಿದಿದ್ದೇನೆ.

ನಿಮ್ಮಲ್ಲಿ ಅವಳಿನ್ನೂ ಹಾಗೇ ಕುಳಿತಿದ್ದಾಳೆ. ಒಮ್ಮೆ ಹೋಗಿ. ತುರುಬು ನೋಡಿ, ಮೊರ ನೋಡಿ, ಸ್ವಲ್ಪ ಹೊತ್ತು ನಿಂತು ಮನೆಗೆ ಹೋಗಿ. ಮುಖ ಮಾತ್ರ ಕೇಳಬೇಡಿ.

ಸೋಮವಾರ ನಾನು ಮನೆಯಿಂದ ಮೊರ ತರುತ್ತೇನೆ, ಸೇರು ಅಕ್ಕಿಯನ್ನೂ. ಚಿತ್ರಕ್ಕೆ ಅಡ್ಡವಾಗಿ ನೆಲದ ಮೇಲೆ ಕುಳಿತುಕೊಳ್ಳುತ್ತೇನೆ, ಬಂದವರಿಗೆ ಬೆನ್ನು ಹಾಕಿ. ಅಕ್ಕಿಯಲ್ಲಿ ಕಲ್ಲು ಬಹಳ ಇದೆ, ಬೇಗ ಏಳುವುದಿಲ್ಲ.