ಟ್ರಾನ್ಸ್‌ಫಾರ್ಮರ್ ಬರೂವರೆಗೆ ಟಿವಿ ಮುಟ್ಟಬೇಡ

ರೋಷನಾ,

ನಾನು ಅಂಕೋಲೆ ಬಸ್ಸಿಗೆ ಹೊರಟೆ. ಬೊಬ್ರುವಾಡದ ಮಾದು ಮನೆಯಿಂದ ನಿನ್ನ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ತಕ್ಕಂಡೇ ಬರ್ತೆ. ದಿನಾ ಟಿವಿ ರಿಪೇರಿ ಮಾಡವ ಅದನ್ನೇ ಎರವಲು ಕೊಟ್ಟು ಕೂತರೆ ಏನು ಹೇಳೂದು?

ಅಲ್ಲಿವರೆಗೆ ಆ ಬಿಚ್ಚಿಟ್ಟ ಟಿವಿ ಮುಟ್ಟಬೇಡ. ನಿನ್ನೆ ನೀನು ಅದನ್ನು ಸೀದಾ ಗೋಡೆಯ ಪ್ಲಗ್ಗಿಗೆ ಹಾಕಿ, ಬರಿಗಾಲಲ್ಲಿ ಕೂತು ಕೈ ಹಾಕಿದೆ. ನಾನು ಅಂಗಳದಿಂದ ಓಡಿ ಬಂದು ಸ್ವಿಚ್ ಆರಿಸದಿದ್ದರೆ ಈ ಚೀಟಿ ಯಾರಿಗೆ ಬರೀತಿದ್ದೆ ಮಾರಾಯಾ?

ಆ ಟ್ರಾನ್ಸ್‌ಫಾರ್ಮರ್ ನಡುವೆ ಇದ್ದರೆ, ಒಂದು ವಯರ್ ತಾಗಿದರೂ ಕರೆಂಟು ಮೈಯಿಂದ ನೆಲಕ್ಕೆ ಇಳಿಯೂದಿಲ್ಲ ಅಂತ ನೀನೇ ಹೇಳಿಕೊಟ್ಟದ್ದು. ಎರಡೂ ತಾಗಿದರೆ ಅದೂ ಕಾಯೂದಿಲ್ಲ ಅಂತಲೂ ನೀನೇ ಹೇಳಿದ್ದು. ಅದು ಬಂದ ಮೇಲೂ ನೆನಪಿರಲಿ.

ಸುಟ್ಟ ಬೆರಳಿಗೆ ಮುಲಾಮು ಹಚ್ಚು. ಗಂಜಿ ಒಲೆಯ ಮೇಲಿದೆ, ಅಪ್ಪನಿಗೆ ನೀನೇ ಬಡಿಸು. ನಿನ್ನೆಯಿಂದ ಅವ ತುತ್ತು ಮುಟ್ಟಲಿಲ್ಲ. "ತೂಫಾನಿನಲ್ಲೂ ದೋಣಿ ದಡಕ್ಕೆ ತಂದ ಹುಡುಗ, ಮನೆಯೊಳಗೆ ಕೂತಲ್ಲೇ ಹೋಗ್ತಿದ್ನಲ್ಲೇ" ಅಂತ ಅದೊಂದೇ ಮಾತು.

ನಿನ್ನ ಕೋಣೆಯ ಫ್ಯೂಸ್ ಹುಡುಕಬೇಡ. ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಸೆಖೆಯಾದರೆ ಅಪ್ಪನ ಹತ್ತಿರ ಹೋಗಿ ಕೂತುಕೋ.

ಪೂರ್ಣಿಮಕ್ಕ