ಬಂಡೆಪ್ಪನ ಗದ್ದಿಗೆ

ಪೀರನವಾಡಿ, 7 ಮೇ 1984, ಸೋಮವಾರ

ಬೆಳಗಿನ ಗುಳಿಗೆ ಆಯಿತು. ದುಂಡಪ್ಪನ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿದೆ. ನುಂಗಿದ್ದ. ಮೂವತ್ತೆರಡು ವರ್ಷದ ಮಗ, ಕೂಸಿನ ಹಾಗೆ ಬಾಯಿ ತೆರೆಯುತ್ತಾನೆ. ಆಮೇಲೆ ಹಿತ್ತಲ ಗೋಡೆಗೆ ಮುಖ ಮಾಡಿ ಕುಳಿತ. ಇಂದು ಗೋಡೆಯ ಸಂಗಡ ಜಗಳ ಕಡಿಮೆ.

ಡಾಕ್ಟರು ಬರೆದಿಡಲು ಹೇಳಿದ್ದು ಗುಳಿಗೆ, ಊಟ, ನಿದ್ದೆ — ಇಷ್ಟೇ. ನನ್ನ ಮೂರನೇ ಈಯತ್ತೆಯ ಓದಿಗೆ ಅಷ್ಟು ಸಾಕು. ಉಳಿದದ್ದನ್ನು ಕೈ ತಾನೇ ಬರೆಯುತ್ತದೆ.

ಬಸವ ಜಯಂತಿಗೆ ಸಕ್ಕರೆ ಹಂಚಿ ಲಗ್ನ ಗಟ್ಟಿ ಮಾಡಿದೆವು. ಹಿರಿಯ ಮಗ ಸಿದ್ದಪ್ಪನ ಮಗಳು ಗೌರವ್ವನನ್ನು ನಂದಗಡದ ನಮ್ಮಣ್ಣ ಕರೆಪ್ಪನ ಮೊಮ್ಮಗ ನಾಗಲಿಂಗನಿಗೆ ಕೊಡುವುದು. ಲಗ್ನ ದೀಪಾವಳಿ ಮುಗಿದ ಮೇಲೆ. ನನ್ನ ಮೊಮ್ಮಗಳು ನನ್ನ ತವರಿಗೇ ಸೊಸೆ. ಹೊರಗಿನವರು ಎರಡು ಸಲ ಕನ್ಯೆ ನೋಡಲು ಬಂದಿದ್ದರು. ದುಂಡಪ್ಪನನ್ನು ಕಂಡು ಚಹಾ ಅರ್ಧ ಬಿಟ್ಟು ಎದ್ದರು. ಅಣ್ಣ ಏನೂ ಕೇಳಲಿಲ್ಲ.

16 ಮೇ

ನಾಗಲಿಂಗ ಬಂದಿದ್ದ, ಮಾವಿನಹಣ್ಣು ಹೊತ್ತುಕೊಂಡು. ಹಣ್ಣು ನೆಪ. ಕಣ್ಣೆಲ್ಲ ಅಡಿಗೆಮನೆಯ ಬಾಗಿಲ ಮೇಲೆ.

"ಆಯಿ, ನಿನ್ನ ಮೊಮ್ಮಗಳಿಗೆ ರೊಟ್ಟಿ ಬಡಿಯಾಕ ಬರತೈತೇನು?"

"ಬರತೈತಿ. ಹಿಟ್ಟು ತೀರಿದರ ನಿನ್ನ ಬಡೀತಾಳ."

ಒಳಗೆ ಗೌರಿ ಕಿಸಕ್ಕೆಂದಳು. ದುಂಡಪ್ಪನೂ ನಕ್ಕ. ಅವನು ಯಾವುದಕ್ಕೆ ನಕ್ಕನೋ ತಿಳಿಯದು.

4 ಜೂನ್, ಸೋಮವಾರ

ದವಾಖಾನೆಗೆ ಹೋಗಿದ್ದೆವು. ತಿಂಗಳ ಇಂಜೆಕ್ಷನ್. ಹಳೆಯ ಡಾಕ್ಟರಿಗೆ ವರ್ಗ. ಈಗ ಒಬ್ಬಳು ಡಾಕ್ಟರ್ ಬಾಯಿ, ಚಿಕ್ಕ ವಯಸ್ಸು. ಎಲ್ಲರೂ ಕೇಳುವುದನ್ನೇ ಕೇಳಿದಳು.

"ನಿಮ್ಮ ಮನ್ಯಾಗ ಮತ್ಯಾರಿಗರ ಹಿಂಗ ಆಗಿತ್ತೇನ್ರಿ ಆಯಿ?"

"ಇಲ್ರಿ ಬಾಯಾರ. ನಮ್ಮ ಮನ್ಯಾಗ ದನ ಸುದ್ದಾ ಶಾಣ್ಯಾ ಅದಾವು."

ನಕ್ಕಳು. ಪೆನ್ನು ಮಾತ್ರ ನಿಲ್ಲಿಸಲಿಲ್ಲ. "ತವರಮನಿ ಕಡೆ?"

ಇಷ್ಟು ವರ್ಷದಲ್ಲಿ ಒಬ್ಬ ಡಾಕ್ಟರೂ ಕೇಳಿರಲಿಲ್ಲ.

"ಅದು ಬ್ಯಾರೆ ಮನಿ ಆತಲ್ರಿ."

"ನಿಮಗ ಬ್ಯಾರೆ. ರಕ್ತಕ್ಕ ಬ್ಯಾರೆ ಆಗೂದಿಲ್ರಿ. ನಿಮ್ಮ ಅಣ್ಣತಮ್ಮರ ಪೈಕಿ ಯಾರರ?"

ಯಾರೂ ಇಲ್ಲ ಎಂದೆ. ತಮ್ಮ ಬಂಡೆಪ್ಪ ಒಬ್ಬ ಶರಣನಾಗಿ ಹೋದ, ಅಣ್ಣನ ಗದ್ದೆಯ ಮೂಲೆಯಲ್ಲಿ ಅವನ ಗದ್ದಿಗೆ ಇದೆ, ನಮ್ಮವರ ಲಗ್ನದ ಮೊದಲ ಕಾಯಿ ಅಲ್ಲೇ ಒಡೆಯುವುದು ಎಂದೆ. ಶರಣರು ಏನು ಮಾಡುತ್ತಿದ್ದರು ಎಂದು ಕೇಳಿದಳು. ಹೇಳಿದೆ. ಇಪ್ಪತ್ತು ತುಂಬಿದ ಮೇಲೆ ಮೈ ತೊಳೆಯುವುದು ಬಿಟ್ಟ. ಕಾಣದವರಿಗೆ ಉತ್ತರ ಕೊಡುತ್ತಿದ್ದ. ಅನ್ನದಲ್ಲಿ ವಿಷ ಹಾಕಿದ್ದಾರೆ ಎಂದು ತಾಟು ಒಗೆಯುತ್ತಿದ್ದ. ಮಳೆಯಲ್ಲಿ ಗೋಡೆಗೆ ಮುಖ ಮಾಡಿ…

ಅಲ್ಲಿಗೆ ನಿಲ್ಲಿಸಿದೆ. ಬಂಡೆಪ್ಪನದು ಹೇಳುತ್ತಿದ್ದೆನೋ, ಬಾಜು ಕುಳಿತ ದುಂಡಪ್ಪನದೋ. ಡಾಕ್ಟರ್ ಬಾಯಿ ಬರೆದುಕೊಂಡಳು.

"ಮೊಮ್ಮಗಳನ್ನ ಅದ ಮನಿಗೆ ಕೊಡೂದೈತ್ರಿ" ಎಂದೆ.

ಪೆನ್ನು ಕೆಳಗಿಟ್ಟಳು.

"ತಾಯಿ-ತಂದಿಯಿಂದ ಬರೂದರಾಗ ಸಣ್ಣ ಸಣ್ಣ ಫರಕ ಇರತಾವ್ರಿ. ಒಂದರಿಂದ ಈ ರೋಗ ಬರೂದಿಲ್ಲ. ಭಾಳ ಕೂಡಿದರ ಬರೂ ಅಂಜಿಕಿ ಜಾಸ್ತಿ. ಯಾವ ಫರಕ ಅಂತ ನಮಗೂ ಇನ್ನಾ ಗೊತ್ತಿಲ್ಲ. ಎರಡೂ ಕಡೆ ಅದ ರಕ್ತ ಆದರ…"

"ಹುಟ್ಟೂ ಕೂಸಿಗೆ ಬಂದ ಬರತೈತೇನ್ರಿ?"

"ಹಂಗೇನಿಲ್ಲ. ಬರೂದಿಲ್ಲ ಅಂತ ಬರಕೊಡಾಕೂ ನನಗ ಆಗೂದಿಲ್ಲ."

ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಕೊಂಡೆ. ಇಬ್ಬರೂ ತಿಂದೆವು. ಏನೂ ಅನಿಸಲಿಲ್ಲ. ಸಿಪ್ಪೆಯನ್ನು ಸೆರಗಿನಲ್ಲೇ ಕಟ್ಟಿಕೊಂಡು ಬಂದಿದ್ದೇನೆ, ಮನೆಗೆ ಬಂದು ನೋಡಿದೆ.

6 ಜೂನ್

ಗುಳಿಗೆ. ಊಟ. ನಿದ್ದೆ.

21 ಜೂನ್

ಮಳೆ ಹಿಡಿದಿದೆ. ಗುಳಿಗೆ ಆಯಿತು. ಗೌರಿ ಲಗ್ನದ ಹಾಸಿಗೆಯ ಚಾದರಕ್ಕೆ ಗಿಳಿಯ ಕಸೂತಿ ಹಾಕುತ್ತಿದ್ದಾಳೆ. ಒಂದು ಗಿಳಿ ಮುಗಿದಿದೆ, ಇನ್ನೊಂದಕ್ಕೆ ಕೊಕ್ಕು ಬರಬೇಕು. ಡಾಕ್ಟರ್ ಬಾಯಿಯ ಮಾತನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.

29 ಜೂನ್

ಸಿದ್ದಪ್ಪ ಫೌಂಡ್ರಿಯಿಂದ ಬಂದು ಉಂಡ ಮೇಲೆ ಹೇಳಿದೆ. ಗೌರಿಯೂ ಅವಳ ತಾಯಿಯೂ ಕೂತಿದ್ದರು. ಅವರ ಮುಂದೆಯೇ ಹೇಳಿದೆ.

"ಅವ್ವಾ, ಸಕ್ಕರಿ ಹಂಚೇವಿ. ಇನ್ನ ಸುಮ್ಮ ಬಾಯಿ ಮುಚ್ಚಿಕೊಂಡಿರು."

"ಹುಟ್ಟಿದಾಗಿಂದ ಮುಚ್ಚಿಲ್ಲ. ಈಗ ಅಭ್ಯಾಸ ಮಾಡಲೇನು?"

"ಇವರನ್ನ ಬಿಟ್ಟರ ಮತ್ಯಾರು ಮಾಡಿಕೋತಾರ ಆಕಿನ್ನ? ಹೇಳು."

ಗೌರಿ ಎದ್ದು ತಾಟು ತೊಳೆಯಲು ಹೋದಳು. ತೊಳೆದ ತಾಟನ್ನೇ ಮತ್ತೆ ತೊಳೆದಳು.

8 ಜುಲೈ, ಭಾನುವಾರ

ನಂದಗಡಕ್ಕೆ ಹೋಗಿ ಬಂದೆ. ಒಬ್ಬಳೇ. ಖಾನಾಪುರದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಮರಾಠಿಯಲ್ಲಿ ಬೈದ. ನಾನೂ ಮರಾಠಿಯಲ್ಲೇ ತಿರುಗಿ ಕೊಟ್ಟೆ.

ಅಣ್ಣ ಗದ್ದೆಯಲ್ಲಿದ್ದ, ನಾಟಿ ನಡೆದಿತ್ತು. ಅಣ್ಣನ ಹೆಂಡತಿ, ವೈನಿ ಸತ್ಯವ್ವ, ಅಲ್ಲಿಗೇ ಚಹಾ ತಂದಳು. "ಬೀಗತಿ ಬಂದಾಳ, ಸಕ್ಕರಿ ಎರಡು ಚಮಚೆ ಜಾಸ್ತಿ ಹಾಕೇನಿ ನೋಡವಾ" ಎಂದಳು. ಕುಡಿದೆ.

"ಅಣ್ಣಾ, ಈ ಸಲದ ಬೀಜ ಎಲ್ಲಿದು?"

"ಜಾಂಬೋಟಿದು. ಮನೀದ ಹಾಕಿ ಹಾಕಿ ಜೊಳ್ಳ ಭಾಳ ಆಗಾಕ ಹತ್ತಿತ್ತು."

"ಭತ್ತ ಹೊರಗಿಂದ ತರತಿ. ಸೊಸಿ ಮಾತ್ರ ಮನೀದ ಬೇಕೇನು?"

ನಕ್ಕ, ಚೇಷ್ಟೆ ಎಂದುಕೊಂಡು. ನಾನು ನಗಲಿಲ್ಲ. ಬಂಡೆಪ್ಪನದೂ ದುಂಡಪ್ಪನದೂ ಒಂದೇ ಬೇನೆ, ಈ ಲಗ್ನ ಬೇಡ ಎಂದೆ. ಡಾಕ್ಟರ್ ಬಾಯಿ ಹೇಳಿದ್ದನ್ನೆಲ್ಲ ಹೇಳಿದೆ. ವೈನಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನಮ್ಮ ಗದ್ದಿಗಿ ಅಜ್ಜಗ ಹುಚ್ಚ ಅಂತಿಯೇನು, ಚಂದ್ರಿ? ಊರ ಮಂದಿ ಕಾಯಿ ಒಡೀತಾರ ಅವಗ" ಎಂದ ಅಣ್ಣ.

"ನಿಮಗೆಲ್ಲಾ ಅಜ್ಜ ಆಗೂಕಿಂತ ಮೊದಲ ನನಗ ತಮ್ಮ. ಅವನ ಸಿಂಬಳಾ ತಗದಾಕಿ ನಾ."

ಅಣ್ಣ ಕೈಯ ಕೆಸರು ತೊಳೆದುಕೊಂಡ.

"ಗದ್ದಿಗಿಗೆ ಕೈ ಮುಗದು ಹೋಗು. ಇನ್ನ ಇದು ನಿನಗ ಬ್ಯಾರೆ ಮನಿ."

ಹೋದೆ. ಕಲ್ಲಿನ ಮೇಲೆ ಹಸಿ ವಿಭೂತಿ, ಯಾರೋ ಇಟ್ಟ ಹೂವು. ಕೈ ಮುಗಿದೆ. ತಮ್ಮಾ, ಆಗ ಗುಳಿಗೆ ಇರಲಿಲ್ಲಪ್ಪ, ಎಂದೆ. ನಾಗಲಿಂಗ ಬದುವಿನ ಮೇಲೆ ನಿಂತಿದ್ದ. ಕರೆಯಲಿಲ್ಲ. ನಾನು ಬಸ್ಸಿನ ದಾರಿ ಹಿಡಿದೆ.

15 ಜುಲೈ

ಗುಳಿಗೆ. ಲಗ್ನ ಮುರಿದಾಗಿನಿಂದ ಗೌರಿ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ. ರೊಟ್ಟಿ ತಟ್ಟೆಗೆ ಹಾಕುತ್ತಾಳೆ. ಬೇಕೇ ಎಂದು ಕೇಳುವುದಿಲ್ಲ. ಚಾದರ ಸುತ್ತಿ ಅಟ್ಟದ ಮೇಲೆ ಒಗೆದಿದ್ದಾಳೆ.

2 ಆಗಸ್ಟ್, ಪಂಚಮಿ

ಹಬ್ಬಕ್ಕೆ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಲಗ್ನವಾದ ಮೇಲೆ ಇದೇ ಮೊದಲು. ಬೆಳಗ್ಗೆ ಎದ್ದು ತಲೆ ಬಾಚಿಕೊಂಡೆ, ತವರಿಗೆ ಒಯ್ಯಲು ಗಂಟು ಕಟ್ಟುವ ಸೀರೆಯನ್ನೂ ತೆಗೆದೆ. ಕೈಗೆ ಇನ್ನೂ ತಿಳಿದಿಲ್ಲ. ತಿರುಗಿ ಟ್ರಂಕಿಗೆ ಹಾಕಿದೆ.

ಎಳ್ಳಿನ ಉಂಡಿ ಕಟ್ಟಿದೆ. ದುಂಡಪ್ಪ ಎರಡು ತಿಂದ, ಒಂದನ್ನು ಗೋಡೆಗೂ ಕೊಟ್ಟ. ನಾಗಲಿಂಗನಿಗೆ ಬೇರೆ ಕಡೆ ಕನ್ಯೆ ನೋಡುತ್ತಿದ್ದಾರೆ ಎಂದು ಸಿದ್ದಪ್ಪ ಹೇಳಿದ. ಜಾಂಬೋಟಿಯ ಕಡೆಯಂತೆ.

ಸಂಜೆಯ ಗುಳಿಗೆಯ ಹೊತ್ತಿಗೆ ಗೌರಿ ನೀರಿನ ತಂಬಿಗೆ ತಂದು ಬಾಜು ಕುಳಿತಳು. ತಾನೇ ಕಾಕಾನಿಗೆ ನುಂಗಿಸಿದಳು. ಅವನು ಹೇಳದೆಯೇ ಬಾಯಿ ತೆರೆದು ನಾಲಿಗೆ ಎತ್ತಿದ. ಅವಳು ಬಗ್ಗಿ ನೋಡಿದಳು, ಬಹಳ ಹೊತ್ತು.

"ಆಯಿ."

ಎಷ್ಟೋ ದಿನಗಳ ಮೇಲೆ.

"ಹೂಂ."

"ಕಾಕಾಗ ಬಂದದ್ದು… ನನಗೂ ಬರತೈತೇನು?"

ಬಾಯಿಗೆ ಬಂದದ್ದನ್ನೆಲ್ಲ ಆಡುವವಳು ನಾನು. ದುಂಡಪ್ಪ ಇನ್ನೂ ಬಾಯಿ ತೆರೆದೇ ಇದ್ದ, ಮುಚ್ಚು ಎಂದು ಯಾರೂ ಹೇಳಿರಲಿಲ್ಲ. ಗೌರಿಯ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. ನೋಡವಾ, ಎಂದೆ. ಡಾಕ್ಟರ್ ಬಾಯಿ ಹೇಳಿದ್ದೇನಂದರೆ, ಬಂದೇ ಬರುತ್ತದೆ ಅಂತಿಲ್ಲ, ಬರುವುದಿಲ್ಲ ಅಂತ ಬರೆದುಕೊಡಲೂ ಯಾರಿಗೂ ಆಗುವುದಿಲ್ಲ.